ಒಂದೇ ಕಂಡಿಯಲ್ಲಿ ಕಿವಿಯೂ ಬಾಯಿಯೂ

ಎಂಬತ್ತು ದಾಟಿದ ಅಜ್ಜಿಯೊಬ್ಬರು ಜಗಲಿಯ ಮೇಲೆ ಕುಳಿತು ಸೋಬಾನೆ ಪದ ಹೇಳುತ್ತಿದ್ದಾರೆ. ಊರಿನಲ್ಲಿ ಆ ಪದಗಳು ಬಾಯಿಗೆ ಬರುವುದು ಈಗ ಅವರೊಬ್ಬರಿಗೇ. ಬೆಂಗಳೂರಿನಿಂದ ಬಂದ ಮೊಮ್ಮಗ ಕೆಲವು ನೂರು ರೂಪಾಯಿ ಕೊಟ್ಟು ತಂದ ಕಾಲರ್ ಮೈಕನ್ನು ಅಜ್ಜಿಯ ಸೆರಗಿಗೆ ಸಿಕ್ಕಿಸಿ, ಅದರ ಪಿನ್ನನ್ನು ಲ್ಯಾಪ್‌ಟಾಪಿನ ಪಕ್ಕೆಯಲ್ಲಿರುವ ಒಂದೇ ಒಂದು ತೂತಿಗೆ ತೂರಿಸಿದ್ದಾನೆ. ಪಿನ್ನು ಟಕ್ಕೆಂದು ಕುಳಿತಿದೆ. ಪರದೆಯ ಮೇಲೆ ಹಸಿರು ಗೆರೆಗಳು ಕುಣಿಯುತ್ತಿವೆ. ಒಂದೂವರೆ ಗಂಟೆಯ ನಂತರ ಕೇಳಿ ನೋಡಿದರೆ ಲ್ಯಾಪ್‌ಟಾಪಿನ ಫ್ಯಾನು ಗುಂಯ್ಗುಡುವ ಸದ್ದು, ಕೀಲಿಗಳನ್ನು ಒತ್ತಿದ ಟಪಟಪ, ಅವುಗಳ ಹಿಂದೆಲ್ಲೋ ಬಾವಿಯೊಳಗಿಂದ ಬಂದಂತೆ ಅಜ್ಜಿಯ ದನಿ. ಸೆರಗಿನ ಮೈಕು ಒಂದಕ್ಷರವನ್ನೂ ಹಿಡಿದಿಲ್ಲ. ಅಜ್ಜಿಗೆ ಆಗಲೇ ದಣಿವು; ಮತ್ತೊಮ್ಮೆ ಹೇಳಿ ಎನ್ನಲು ಬಾಯಿ ಬರುವುದಿಲ್ಲ.

ಇದು ಯಾರೋ ಒಬ್ಬರ ಮನೆಯ ಕಥೆಯಲ್ಲ. 2020ರಲ್ಲಿ ಕೋವಿಡ್ ಬಂದು ಶಾಲೆಗಳು ಬಾಗಿಲು ಹಾಕಿ, ಪಾಠವೆಲ್ಲ ಪರದೆಯ ಮೇಲೆ ನಡೆಯಬೇಕಾಗಿ ಬಂದಾಗ ಎಷ್ಟೋ ಮೇಷ್ಟರುಗಳು ಹೀಗೆಯೇ ಮೈಕು ಕೊಂಡು ತಂದರು. ಪಿನ್ನು ಚುಚ್ಚಿದರು, ಪಾಠ ಮಾಡಿದರು. ಆಚೆ ಕಡೆಯಿಂದ ಬಂದದ್ದು ಒಂದೇ ಮಾತು: ‘ಸಾರ್, ಕೇಳಿಸ್ತಾ ಇಲ್ಲ.’

ತಪ್ಪು ಮೈಕಿನದಲ್ಲ, ಲ್ಯಾಪ್‌ಟಾಪಿನದೂ ಅಲ್ಲ. ತೂತಿನ ಅಳತೆಗೂ ಪಿನ್ನಿನ ಅಳತೆಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಎರಡೂ 3.5 ಮಿಲಿಮೀಟರ್. ತೊಡಕಿರುವುದು ಪಿನ್ನಿನ ಮೇಲಿನ ಸಣ್ಣ ಕಪ್ಪು ಗೆರೆಗಳಲ್ಲಿ. ಮೊಮ್ಮಗ ತಂದ ಮೈಕಿನ ಪಿನ್ನಿನ ಮೇಲೆ ಎರಡು ಗೆರೆಗಳಿದ್ದವು. ತೂತು ಮೂರು ಗೆರೆಗಳ ಪಿನ್ನನ್ನು ನಿರೀಕ್ಷಿಸುತ್ತಿತ್ತು. ಆ ಒಂದು ಗೆರೆಯ ಹಿಂದೆ ಸುಮಾರು ನೂರ ನಲವತ್ತು ವರ್ಷಗಳ ಇತಿಹಾಸವಿದೆ.

ಅಲೆಕ್ಸಾಂಡರ್ ಗ್ರಹಾಂ ಬೆಲ್ ಟೆಲಿಫೋನಿಗೆ ಪೇಟೆಂಟ್ ಪಡೆದದ್ದು 1876ರಲ್ಲಿ. ಎರಡೇ ವರ್ಷಗಳಲ್ಲಿ, 1878ರ ಜನವರಿಯಲ್ಲಿ, ಅಮೆರಿಕದ ನ್ಯೂ ಹೇವನ್ ಪಟ್ಟಣದಲ್ಲಿ ಮೊದಲ ವಾಣಿಜ್ಯ ಟೆಲಿಫೋನ್ ವಿನಿಮಯ ಕೇಂದ್ರ ಶುರುವಾಯಿತು. ಅಲ್ಲಿಂದಲೇ ಹೊಸದೊಂದು ಸಮಸ್ಯೆಯೂ ಹುಟ್ಟಿತು. ಊರಿನ ನೂರಾರು ಮನೆಗಳ ತಂತಿಗಳು ಒಂದೇ ಕೋಣೆಗೆ ಬಂದು ಸೇರುತ್ತವೆ. ಅವುಗಳಲ್ಲಿ ಯಾವುದನ್ನು ಬೇಕಾದರೂ ಇನ್ನೊಂದಕ್ಕೆ ಕ್ಷಣದಲ್ಲಿ ಜೋಡಿಸಬೇಕು, ಮಾತು ಮುಗಿದ ಕೂಡಲೇ ಬಿಡಿಸಬೇಕು. ಸ್ಕ್ರೂ ತಿರುಗಿಸುತ್ತ ಕೂರುವ ಕೆಲಸ ಇದಲ್ಲ. ತಂತಿಯ ತುದಿಗೆ ಲೋಹದ ಕಡ್ಡಿ, ಹಲಗೆಯಲ್ಲಿ ಅದಕ್ಕೊಂದು ತೂತು, ಒಳಗೆ ಕಡ್ಡಿಯನ್ನು ಅಮುಕಿ ಹಿಡಿಯುವ ಸ್ಪ್ರಿಂಗ್ ಪಟ್ಟಿ. ಈ ಉಪಾಯವನ್ನು ರೂಪಿಸಿದವರಲ್ಲಿ ಚಿಕಾಗೋದ ಚಾರ್ಲ್ಸ್ ಸ್ಕ್ರಿಬ್ನರ್ ಎಂಬ ಎಂಜಿನಿಯರ್ ಮುಖ್ಯರು. ಅವರ ಸ್ವಿಚ್ಚು ನೋಡಲು ಮಡಿಸುವ ಚಾಕುವಿನಂತಿತ್ತು. ಅಂಥ ಚಾಕುವಿಗೆ ಇಂಗ್ಲಿಷಿನಲ್ಲಿ ಜಾಕ್‌ನೈಫ್ ಎನ್ನುತ್ತಾರೆ. ಚಾಕು ಕಾಲಕ್ರಮದಲ್ಲಿ ಮರೆಯಾಗಿ ‘ಜಾಕ್’ ಮಾತ್ರ ಉಳಿಯಿತು.

ಹಲಗೆಯ ಮುಂದೆ ಮೊದಲು ಕುಳಿತವರು ಹುಡುಗರು, ಟೆಲಿಗ್ರಾಂ ಹಂಚಿ ಅಭ್ಯಾಸವಿದ್ದವರು. ಗಿರಾಕಿಗಳ ಮೇಲೆ ರೇಗುವುದು, ಬೇಕೆಂದೇ ತಪ್ಪು ತಂತಿ ಜೋಡಿಸಿ ಮಜಾ ನೋಡುವುದು ಇವರಿಗೆ ಮಾಮೂಲಾಯಿತು. ಕಂಪನಿಗಳು ಬೇಸತ್ತು ಹೆಂಗಸರನ್ನು ನೇಮಿಸತೊಡಗಿದವು. 1878ರ ಸೆಪ್ಟೆಂಬರ್‌ನಲ್ಲಿ ಬಾಸ್ಟನ್ನಿನ ಕೇಂದ್ರಕ್ಕೆ ಸೇರಿದ ಎಮ್ಮಾ ನಟ್ ಈ ಕೆಲಸಕ್ಕೆ ಬಂದ ಮೊದಲ ಮಹಿಳೆ. ಮುಂದೆ ದಶಕಗಳ ಕಾಲ ಟೆಲಿಫೋನ್ ಆಪರೇಟರ್ ಎಂದರೆ ಹೆಂಗಸಿನ ದನಿ ಎಂಬುದೇ ರೂಢಿಯಾಯಿತು.

ಅವರ ಕೈಯಲ್ಲಿದ್ದ ಪಿನ್ನು ಕಾಲಿಂಚು ದಪ್ಪ, ಎಂದರೆ 6.35 ಮಿಲಿಮೀಟರ್. ಅದರಲ್ಲಿ ಮೂರು ಭಾಗ: ಮೂತಿಯಲ್ಲಿ ಗುಂಡಗಿನ ತುದಿ, ನಡುವೆ ಒಂದು ಉಂಗುರ, ಹಿಂದೆ ಅಂಗಿಯ ತೋಳಿನಂತೆ ಉದ್ದನೆಯ ಕೊಳವೆ. ಇಂಗ್ಲಿಷಿನಲ್ಲಿ ಇವತ್ತಿಗೂ ಅವುಗಳ ಹೆಸರು ತುದಿ, ಉಂಗುರ, ತೋಳು ಎಂದೇ. ಒಂದಕ್ಕೊಂದು ತಾಗದಂತೆ ನಡುವೆ ವಿದ್ಯುತ್ ಹರಿಯದ ಪಟ್ಟಿ. ಅದೇ ಈಗಿನ ಕಪ್ಪು ಗೆರೆ. ಗಿರಾಕಿಯ ಎರಡು ತಂತಿಗಳು ತುದಿಗೂ ಉಂಗುರಕ್ಕೂ ಸೇರುತ್ತಿದ್ದವು. ತೋಳಿಗೆ ಬೇರೆಯೇ ಕೆಲಸ. ಆಪರೇಟರ್ ಪಿನ್ನಿನ ತುದಿಯನ್ನು ಜಾಕಿನ ಬಾಯಂಚಿಗೆ ಸುಮ್ಮನೆ ಮುಟ್ಟಿಸುವಳು. ಕಿವಿಯಲ್ಲಿ ಟಕ್ ಎಂದರೆ ಆ ಮನೆಯವರು ಬೇರೆಯವರ ಜೊತೆ ಮಾತಿನಲ್ಲಿದ್ದಾರೆ ಎಂದರ್ಥ. ಪಿನ್ನು ತಾಗಿದೊಡನೆ ಆಚೆಗಿನ ಸ್ಥಿತಿ ತಿಳಿಯುವ ಈ ಜಾಣತನ ಮುಂದೆ ಲ್ಯಾಪ್‌ಟಾಪಿನಲ್ಲಿ ಮತ್ತೆ ಕಾಣಿಸುತ್ತದೆ.

ಭಾರತಕ್ಕೆ ಈ ಹಲಗೆಗಳು ಬೇಗನೇ ಬಂದವು. 1882ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿನಿಮಯ ಕೇಂದ್ರಗಳು ತೆರೆದವು. ಟ್ರಂಕ್ ಕಾಲ್ ಬುಕ್ ಮಾಡಿ, ಮಧ್ಯಾಹ್ನದವರೆಗೆ ಕಾದು, ‘ಮೈಸೂರು ಮಾತಾಡಿ’ ಎಂಬ ದನಿ ಕೇಳಿದೊಡನೆ ಓಡಿ ಬಂದವರ ತಲೆಮಾರು ನಮ್ಮಲ್ಲಿ ಇನ್ನೂ ಇದೆ. ಆ ದನಿಯ ಹಿಂದೆ ಇದ್ದದ್ದು ಇದೇ ಪಿನ್ನು, ಇದೇ ತೂತು. 1960ರಲ್ಲಿ ಕಾನ್ಪುರ ಮತ್ತು ಲಖನೌ ನಡುವೆ ನೇರ ಡಯಲಿಂಗ್ ಆರಂಭವಾದ ಮೇಲೆ ಈ ಹಲಗೆಗಳು ಮೆಲ್ಲಗೆ ಮೂಲೆ ಸೇರಿದವು. ದಪ್ಪ ಪಿನ್ನು ಮಾತ್ರ ಸಾಯಲಿಲ್ಲ. ಗಿಟಾರು, ಕೀಬೋರ್ಡು, ರೆಕಾರ್ಡಿಂಗ್ ಸ್ಟುಡಿಯೋದ ಹೆಡ್‌ಫೋನು ಇವೆಲ್ಲ ಇಂದಿಗೂ ಬಳಸುವುದು ಆ ಕಾಲಿಂಚಿನ ಪಿನ್ನನ್ನೇ.

ಟ್ರಾನ್ಸಿಸ್ಟರ್ ರೇಡಿಯೋ ಬಂದು ಜೇಬಿನೊಳಗೆ ಹಾಡು ಕೂತಾಗ ಪಿನ್ನೂ ಸಣ್ಣದಾಗಬೇಕಾಯಿತು. ಒಂದೇ ಕಿವಿಗೆ ಇಡುವ ಇಯರ್‌ಫೋನಿಗೆ ತುದಿ ಮತ್ತು ತೋಳು ಎರಡಿದ್ದರೆ ಸಾಕಿತ್ತು. ಎರಡು ಕಿವಿಗೆ ಬೇರೆ ಬೇರೆ ಸದ್ದು ಬೇಕೆಂದಾಗ ಉಂಗುರ ಮತ್ತೆ ಬಂತು: ತುದಿ ಎಡಗಿವಿಗೆ, ಉಂಗುರ ಬಲಗಿವಿಗೆ, ತೋಳು ಎರಡಕ್ಕೂ ಸೇರಿದ ಮರುದಾರಿ. 1979ರ ಜುಲೈಯಲ್ಲಿ ಜಪಾನಿನ ಸೋನಿ ಕಂಪನಿ ವಾಕ್‌ಮನ್ ಬಿಡುಗಡೆ ಮಾಡಿದ ಮೇಲೆ ಈ 3.5 ಮಿಲಿಮೀಟರ್ ಪಿನ್ನು ಲೋಕಕ್ಕೆಲ್ಲ ಪರಿಚಯವಾಯಿತು. ಆ ಮೊದಲ ವಾಕ್‌ಮನ್‌ನಲ್ಲಿ ಒಂದಲ್ಲ, ಎರಡು ಜಾಕುಗಳಿದ್ದವು, ಇಬ್ಬರು ಒಟ್ಟಿಗೆ ಕೇಳಲಿ ಎಂದು. ಕೇಳುವವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲು ಒಂದು ಗುಂಡಿಯೂ ಪುಟ್ಟ ಮೈಕೂ ಇದ್ದವು. ಒಬ್ಬನೇ ಕೇಳುವ ಯಂತ್ರವಾಗಿ ಜಗತ್ತು ಅದನ್ನು ನೆನಪಿಟ್ಟುಕೊಂಡದ್ದು ಆಮೇಲೆ.

ಕಂಪ್ಯೂಟರ್ ಸದ್ದು ಮಾಡತೊಡಗಿದಾಗ ಇದೇ ಪಿನ್ನು ಅಲ್ಲಿಗೂ ಬಂತು, ಆದರೆ ಎರಡು ತೂತುಗಳಲ್ಲಿ. ಒಂದು ಕೇಳುವುದಕ್ಕೆ, ಒಂದು ಹೇಳುವುದಕ್ಕೆ. ಎರಡೂ ನೋಡಲು ಒಂದೇ ಥರ ಇದ್ದದ್ದರಿಂದ ಗೊಂದಲ ತಪ್ಪಿಸಲು 1990ರ ದಶಕದ ಕೊನೆಯಲ್ಲಿ ಬಣ್ಣ ಹಚ್ಚುವ ಪದ್ಧತಿ ಬಂತು: ಹೆಡ್‌ಫೋನಿಗೆ ಎಳೆ ಹಸಿರು, ಮೈಕಿಗೆ ಗುಲಾಬಿ. ಮನೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಇದ್ದರೆ ಅದರ ಬೆನ್ನಿನಲ್ಲಿ ಈ ಬಣ್ಣಗಳನ್ನು ಈಗಲೂ ಕಾಣಬಹುದು. ಕುರುಡನೂ ತಪ್ಪದಂಥ ವ್ಯವಸ್ಥೆ ಎನ್ನುವಂತಿಲ್ಲ, ಕಂಪ್ಯೂಟರಿನ ಬೆನ್ನ ಹಿಂದೆ ಕತ್ತಲಲ್ಲಿ ಕೈಯಾಡಿಸಿದವರಿಗೆ ಅದು ಗೊತ್ತು. ಆದರೂ ಎರಡು ದಾರಿಗಳು ಬೇರೆ ಬೇರೆ ಇದ್ದವು ಎಂಬುದೇ ದೊಡ್ಡ ಸುಖ.

ಆ ಸುಖವನ್ನು ಕಿತ್ತುಕೊಂಡದ್ದು ಮೊಬೈಲ್ ಫೋನು. ಫೋನಿನಲ್ಲಿ ಎರಡು ತೂತಿಗೆ ಜಾಗವಿಲ್ಲ. ಕಿವಿಗೆ ಹಾಕಿಕೊಂಡ ತಂತಿಯಲ್ಲೇ ಮಾತೂ ಆಡಬೇಕು. ಹೀಗಾಗಿ ಪಿನ್ನಿಗೆ ಇನ್ನೊಂದು ಉಂಗುರ ಸೇರಿತು. ತುದಿ, ಉಂಗುರ, ಉಂಗುರ, ತೋಳು ಎಂದು ನಾಲ್ಕು ಭಾಗ, ನಡುವೆ ಮೂರು ಕಪ್ಪು ಗೆರೆ. ಎಡಗಿವಿ, ಬಲಗಿವಿ, ಮೈಕು, ಮರುದಾರಿ ಎಲ್ಲವೂ ಒಂದೇ ಕಡ್ಡಿಯ ಮೇಲೆ. ತೆಳ್ಳಗಾಗುವ ಪೈಪೋಟಿಯಲ್ಲಿದ್ದ ಲ್ಯಾಪ್‌ಟಾಪುಗಳೂ ಇದನ್ನೇ ಹಿಡಿದವು. ಗುಲಾಬಿ ತೂತು ಮಾಯವಾಯಿತು. ಉಳಿದ ಒಂದೇ ತೂತಿನ ಪಕ್ಕದಲ್ಲಿ ಹೆಡ್‌ಫೋನಿನ ಚಿತ್ರ. ಅದರ ಬಾಯಿಯ ಬಳಿ ಪುಟ್ಟ ಮೈಕನ್ನೂ ಬರೆದಿದ್ದರೆ ಅದು ಎರಡೂ ಕೆಲಸದ ತೂತು ಎಂದು ತಿಳಿಯಬೇಕು. ಬರೀ ಹೆಡ್‌ಫೋನಿನ ಚಿತ್ರವಿದ್ದರೆ ಅಲ್ಲಿ ಮೈಕು ನಡೆಯದೇ ಇರಬಹುದು.

ಇಷ್ಟಕ್ಕೇ ನಿಲ್ಲಲಿಲ್ಲ. ಮೈಕು ಯಾವ ಭಾಗಕ್ಕೆ, ಮರುದಾರಿ ಯಾವ ಭಾಗಕ್ಕೆ ಎಂಬಲ್ಲಿ ಕಂಪನಿಗಳಲ್ಲಿ ಒಮ್ಮತವಾಗಲಿಲ್ಲ. ಎರಡನೆಯ ಉಂಗುರ ಮರುದಾರಿ, ತೋಳು ಮೈಕು ಎಂಬುದು ಒಂದು ಪಂಗಡ. ಎರಡನೆಯ ಉಂಗುರವೇ ಮೈಕು, ತೋಳು ಮರುದಾರಿ ಎಂಬುದು ಇನ್ನೊಂದು. 2007ರಲ್ಲಿ ಬಂದ ಐಫೋನ್ ಮೊದಲನೆಯದನ್ನು ಹಿಡಿಯಿತು. ಹಳೆಯ ನೋಕಿಯಾ ಫೋನುಗಳು ಮತ್ತು ಚೀನಾದ ಎಷ್ಟೋ ಸರಕು ಎರಡನೆಯದನ್ನು. ಕೊನೆಗೆ ಗೆದ್ದದ್ದು ಮೊದಲ ಪಂಗಡ. ಆದರೆ ಎರಡೂ ಕೂಡಿಕೊಂಡಾಗ ಆಗುತ್ತಿದ್ದ ಚಮತ್ಕಾರವನ್ನು ಹಲವರು ಅನುಭವಿಸಿದ್ದಾರೆ. ಬೇರೆ ಫೋನಿನ ಇಯರ್‌ಫೋನು ಚುಚ್ಚಿದರೆ ತಬಲ, ವಯಲಿನ್ ಎಲ್ಲ ಕೇಳುತ್ತದೆ, ಹಾಡುವವರ ದನಿ ಮಾತ್ರ ಮಂಗಮಾಯ! ತಂತಿಯ ಮೇಲಿನ ಗುಂಡಿ ಒತ್ತಿ ಹಿಡಿದರೆ ದನಿ ವಾಪಸು. ಕಾರಣ ಸರಳ. ಮರುದಾರಿ ಕಡಿದುಹೋಗಿ ಎಡ ಬಲ ಕಿವಿಗಳು ಒಂದಕ್ಕೊಂದು ಸರಪಳಿಯಾಗುತ್ತವೆ. ಆಗ ಎರಡರಲ್ಲೂ ಸಮನಾಗಿರುವ ಸದ್ದು ಕಳೆದುಹೋಗಿ, ವ್ಯತ್ಯಾಸ ಮಾತ್ರ ಉಳಿಯುತ್ತದೆ. ಗಾಯಕರ ದನಿಯನ್ನು ಸಾಮಾನ್ಯವಾಗಿ ಎರಡೂ ಕಡೆಗೆ ಸಮನಾಗಿ ಹಂಚಿರುತ್ತಾರೆ. ಗುಂಡಿ ಒತ್ತಿದಾಗ ಮೈಕಿನ ತಂತಿಯೂ ಮರುದಾರಿಯೂ ಕೂಡಿ, ಕಡಿದ ಸೇತುವೆ ಮತ್ತೆ ನಿಲ್ಲುತ್ತದೆ. ಈಗಿನ ಅನೇಕ ಸಾಧನಗಳು ಯಾವ ಪಂಗಡದ ಪಿನ್ನು ಬಂದಿದೆ ಎಂದು ತಾವೇ ಪತ್ತೆ ಹಚ್ಚಿ ಒಳಗೆ ದಾರಿ ಬದಲಿಸಿಕೊಳ್ಳುತ್ತವೆ.

ಈಗ ಅಜ್ಜಿಯ ಸೆರಗಿಗೆ ಮರಳಬಹುದು. ಪಿನ್ನು ಒಳಹೋದ ಕೂಡಲೇ ಲ್ಯಾಪ್‌ಟಾಪು ತನ್ನ ಸ್ಪೀಕರನ್ನು ಸುಮ್ಮನಾಗಿಸುತ್ತದೆ. ಬಳಿಕ ನಾಲ್ಕನೆಯ ಭಾಗ ಇರಬೇಕಾದ ಜಾಗಕ್ಕೆ ಅತಿ ಸಣ್ಣ ವಿದ್ಯುತ್ ಕಳಿಸಿ ನೋಡುತ್ತದೆ. ಅಲ್ಲಿ ಸ್ವಲ್ಪ ತಡೆ ಕಂಡರೆ ‘ಮೈಕು ಇದೆ’ ಎಂದು ತೀರ್ಮಾನ. ತಡೆಯೇ ಇಲ್ಲದೆ ಸೀದಾ ಮರುದಾರಿಗೆ ಹರಿದರೆ ‘ಇದು ಬರೀ ಹೆಡ್‌ಫೋನು’ ಎಂದು ತೀರ್ಮಾನ. ಎರಡು ಗೆರೆಯ ಪಿನ್ನಿನಲ್ಲಿ ತೋಳು ಉದ್ದ. ಅದು ತೂತಿನೊಳಗಿನ ಮೂರನೆಯ ಮತ್ತು ನಾಲ್ಕನೆಯ ಸಂಪರ್ಕಗಳೆರಡನ್ನೂ ಒಟ್ಟಿಗೆ ಮುಟ್ಟುತ್ತದೆ. ತಡೆ ಸೊನ್ನೆ. ಲ್ಯಾಪ್‌ಟಾಪು ಮೈಕನ್ನು ಹೆಡ್‌ಫೋನು ಎಂದೇ ತಿಳಿದು, ಅಜ್ಜಿಯ ದನಿ ಬರಬೇಕಾದ ತಂತಿಯೊಳಕ್ಕೆ ತನ್ನ ಸದ್ದನ್ನೇ ಕಳಿಸುತ್ತ ಕುಳಿತಿತ್ತು. ಧ್ವನಿಮುದ್ರಣಕ್ಕೆ ತನ್ನ ಪರದೆಯ ಅಂಚಿನಲ್ಲಿರುವ ಒಳಮೈಕನ್ನು ತೆರೆದಿತ್ತು. ಹಸಿರು ಗೆರೆಗಳು ಕುಣಿದದ್ದು ಸುಳ್ಳಲ್ಲ. ಆದರೆ ಅವು ಕುಣಿದದ್ದು ಒಳಮೈಕಿನ ಸದ್ದಿಗೆ, ಮೂರು ಮಾರು ದೂರದಿಂದ ಕೇಳಿದ ಹಾಡಿಗೆ.

ಇದಕ್ಕೆ ಮದ್ದು ದುಬಾರಿಯದೇನಲ್ಲ. ಒಂದು ಕಡೆ ಮೂರು ಗೆರೆಯ ಪಿನ್ನು, ಇನ್ನೊಂದು ಕಡೆ ಮೈಕಿಗೊಂದು ಹೆಡ್‌ಫೋನಿಗೊಂದು ತೂತು ಇರುವ ಗೇಣುದ್ದದ ಕವಲು ತಂತಿ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ಜಿಲ್ಲಾ ಕೇಂದ್ರದ ಮೊಬೈಲ್ ಅಂಗಡಿಯಲ್ಲಾಗಲಿ ಸಿಗುತ್ತದೆ. ಕೊಳ್ಳುವಾಗ ಮಾತ್ರ ಕಣ್ಣು ಚುರುಕಾಗಿರಬೇಕು, ಏಕೆಂದರೆ ನೋಡಲು ಅವಳಿ ಜವಳಿಯಂತಿರುವ ಮೂರು ಸರಕುಗಳಿವೆ. ಒಂದು, ಇಬ್ಬರು ಒಟ್ಟಿಗೆ ಹಾಡು ಕೇಳಲು ಮಾಡಿದ ಕವಲು. ಅದರಲ್ಲಿ ಮೈಕಿನ ದಾರಿಯೇ ಇಲ್ಲ. ಇನ್ನೊಂದು ತಿರುಗುಮುರುಗು: ಫೋನಿನ ಇಯರ್‌ಫೋನನ್ನು ಹಳೆಯ ಕಂಪ್ಯೂಟರಿನ ಹಸಿರು ಗುಲಾಬಿ ತೂತುಗಳಿಗೆ ಹಾಕಲು ಎರಡು ಪಿನ್ನು, ಒಂದು ತೂತು ಇರುವುದು. ಬೇಕಾದದ್ದು ಮೂರನೆಯದು. ಪಿನ್ನಿನ ಮೇಲೆ ಮೂರು ಗೆರೆ ಎಣಿಸಿ, ಒಂದು ತೂತಿನ ಬಳಿ ಮೈಕಿನ ಚಿತ್ರ ನೋಡಿ ಕಾಸು ಕೊಡಬೇಕು. ‘ಎಲ್ಲಾ ಒಂದೇ ಸಾರ್’ ಎಂಬ ಮಾತನ್ನು ನಂಬಬಾರದು. ಫೋನಿಗೆಂದೇ ಮಾಡಿದ, ಮೊದಲೇ ಮೂರು ಗೆರೆಯಿರುವ ಕಾಲರ್ ಮೈಕು ಸಿಕ್ಕಿದರೆ ಕವಲಿನ ಗೊಡವೆಯೂ ಇಲ್ಲ. ಎರಡು ಗೆರೆಯವು ಕ್ಯಾಮೆರಾಕ್ಕೆ ಮಾಡಿದವು.

ದಾರಿ ಸರಿಯಾದರೂ ಎಲ್ಲ ಮೈಕುಗಳೂ ಮಾತಾಡುವುದಿಲ್ಲ. ಕಾಲರ್ ಮೈಕುಗಳಲ್ಲಿ ಬಹುಪಾಲು ಎಲೆಕ್ಟ್ರೆಟ್ ಜಾತಿಯವು. 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಇದನ್ನು ರೂಪಿಸಿದರು. ವಿದ್ಯುದಂಶವನ್ನು ವರ್ಷಗಟ್ಟಲೆ ಹಿಡಿದಿಟ್ಟುಕೊಳ್ಳುವ ತೆಳು ಪ್ಲಾಸ್ಟಿಕ್ ಪೊರೆ ಅದರ ಜೀವ. ದನಿಗೆ ಪೊರೆ ಕಂಪಿಸಿದಾಗ ಹುಟ್ಟುವ ಸಂಕೇತ ಎಷ್ಟು ಬಡಕಲು ಎಂದರೆ, ಅದನ್ನು ತಂತಿಗೆ ಏರಿಸಲು ಮೈಕಿನೊಳಗೇ ಒಂದು ಟ್ರಾನ್ಸಿಸ್ಟರ್ ಬೇಕು. ಆ ಟ್ರಾನ್ಸಿಸ್ಟರಿಗೆ ಊಟ ಹಾಕುವುದು ಲ್ಯಾಪ್‌ಟಾಪು, ಅದೇ ತಂತಿಯಲ್ಲಿ ಎರಡು ಮೂರು ವೋಲ್ಟು ಕಳಿಸಿ. ಮಾತು ಬರುವ ದಾರಿಯಲ್ಲೇ ಮೈಕಿಗೆ ವಿದ್ಯುತ್ ಕಳಿಸುವ ಉಪಾಯ ಹೊಸದಲ್ಲ. ಹಳೆಯ ಕಪ್ಪು ಟೆಲಿಫೋನಿನ ಬಾಯೊಳಗೆ ಇದ್ದಲಿನ ಹರಳುಗಳ ಮೈಕಿರುತ್ತಿತ್ತು. ಅದಕ್ಕೂ ವಿನಿಮಯ ಕೇಂದ್ರದ ಬ್ಯಾಟರಿಯೇ ಅನ್ನದಾತ. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ತನ್ನ ಸುತ್ತ ದೂರವಾಣಿನಗರವನ್ನೇ ಕಟ್ಟಿದ ಐಟಿಐ ಕಾರ್ಖಾನೆಯಿಂದ ದೇಶಕ್ಕೆಲ್ಲ ಹೋದ ಟೆಲಿಫೋನುಗಳು ಈ ಪದ್ಧತಿಯವೇ. ಕರೆಂಟು ಹೋದರೂ ಮನೆಯ ಫೋನು ಮಾತಾಡುತ್ತಿದ್ದ ಗುಟ್ಟು ಇಷ್ಟೇ.

ವೇದಿಕೆಯ ಮೇಲೆ ಭಾಷಣಕ್ಕೂ ಭಜನೆಗೂ ಹಿಡಿಯುವ ದಪ್ಪ ತಲೆಯ ಮೈಕು ಬೇರೆ ಜಾತಿ. ಅದರಲ್ಲಿ ಅಯಸ್ಕಾಂತದ ನಡುವೆ ಆಡುವ ತಂತಿಯ ಸುರುಳಿ ಇರುತ್ತದೆ. ಹೊರಗಿನ ವಿದ್ಯುತ್ ಬೇಡ. ಆದರೆ ಅದು ಕೊಡುವುದು ಒಂದೆರಡು ಮಿಲಿವೋಲ್ಟಿನ ಪಿಸುಮಾತು. ಲ್ಯಾಪ್‌ಟಾಪಿನ ತೂತಿಗೆ ಅದನ್ನು ಹೇಗೆ ಜೋಡಿಸಿದರೂ ದನಿ ಕ್ಷೀಣ, ಏರಿಸಿದರೆ ಮಳೆ ಸುರಿದಂಥ ಶಬ್ದ. ಇನ್ನು ಸ್ಟುಡಿಯೋಗಳ ಉತ್ತಮ ಕಂಡೆನ್ಸರ್ ಮೈಕುಗಳಿಗೆ ಬೇಕಾದದ್ದು 48 ವೋಲ್ಟು. 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿ ನಾರ್ವೆಯ ಬಾನುಲಿಗಾಗಿ ಮೈಕು ಮಾಡಿಕೊಡುವಾಗ, ಅಲ್ಲಿನ ಸ್ಟುಡಿಯೋಗಳಲ್ಲಿ ತುರ್ತು ದೀಪಗಳಿಗಾಗಿ 48 ವೋಲ್ಟಿನ ವ್ಯವಸ್ಥೆ ಮೊದಲೇ ಇತ್ತು. ಅದನ್ನೇ ಮೈಕಿಗೂ ಬಳಸಿದರು, ಅದೇ ಲೋಕದ ರೂಢಿಯಾಯಿತು. ಈ ಎರಡು ಜಾತಿಯ ಮೈಕುಗಳಿಗೂ ಹೆಡ್‌ಫೋನ್ ತೂತಿನ ಹಂಬಲ ಬಿಟ್ಟು ಯುಎಸ್‌ಬಿ ಮೂಲಕ ಸೇರುವ ಧ್ವನಿಪೆಟ್ಟಿಗೆಯನ್ನು ಕೊಳ್ಳುವುದೇ ಲೇಸು. ಅದು ಸದ್ದನ್ನು ಹೊರಗೇ ಅಂಕಿಗಳಾಗಿ ಮಾರ್ಪಡಿಸಿ ಒಳಗೆ ಕಳಿಸುತ್ತದೆ; ಗೆರೆ ಎಣಿಸುವ ತಾಪತ್ರಯವಿಲ್ಲ.

ಗುಂಯ್ ಎಂಬ ಸದ್ದು ಬಿಡದೇ ಕಾಡಿದರೆ ಒಮ್ಮೆ ಚಾರ್ಜರನ್ನು ಕಿತ್ತು ನೋಡಬೇಕು. ಅರ್ತಿಂಗ್ ಸರಿಯಿಲ್ಲದ ಹಳೆಯ ಮನೆಗಳಲ್ಲಿ ಅರ್ಧ ಕಾಯಿಲೆ ಅಲ್ಲಿಯದು.

ಸುರುಳಿ ಮತ್ತು ಅಯಸ್ಕಾಂತದ ಮೈಕಿಗೂ ಕಿವಿಗಿಡುವ ಹೆಡ್‌ಫೋನಿಗೂ ಒಳಗೆ ವ್ಯತ್ಯಾಸ ಬಹಳ ಕಡಿಮೆ. ಒಂದು ದನಿಯನ್ನು ವಿದ್ಯುತ್ತಾಗಿಸುತ್ತದೆ, ಇನ್ನೊಂದು ವಿದ್ಯುತ್ತನ್ನು ದನಿಯಾಗಿಸುತ್ತದೆ. ತಿರುಗಿಸಿ ಬಳಸಿದರೂ ನಡೆಯುತ್ತದೆ. ಹಳೆಯ ಡೆಸ್ಕ್‌ಟಾಪಿನ ಗುಲಾಬಿ ತೂತಿಗೆ ಇಯರ್‌ಫೋನು ಚುಚ್ಚಿ ಅದರೊಳಗೆ ಮಾತಾಡಿದರೆ ಮಂದವಾಗಿಯಾದರೂ ಮುದ್ರಣವಾಗುತ್ತದೆ. ಇದು ಮಕ್ಕಳಾಟವಷ್ಟೇ ಎಂದುಕೊಳ್ಳುವಂತಿಲ್ಲ. ಲ್ಯಾಪ್‌ಟಾಪಿನ ಧ್ವನಿ ಚಿಪ್ಪುಗಳಲ್ಲಿ ಒಂದೇ ತೂತನ್ನು ಹೊರದಾರಿಯಿಂದ ಒಳದಾರಿಯಾಗಿ ತಂತ್ರಾಂಶದ ಮೂಲಕವೇ ಬದಲಿಸುವ ಸೌಲಭ್ಯ ಇರುತ್ತದೆ. ಇದನ್ನು ಬಳಸಿ ಹೆಡ್‌ಫೋನನ್ನೇ ಕದ್ದು ಕೇಳುವ ಮೈಕಾಗಿಸಬಹುದೆಂದು ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಮಾಡಿ ತೋರಿಸಿದರು. ಕ್ಯಾಮೆರಾದ ಮೇಲೆ ಪಟ್ಟಿ ಅಂಟಿಸಿ ನಿಶ್ಚಿಂತರಾದವರು ಹೆಡ್‌ಫೋನಿನ ಬಗ್ಗೆ ಯೋಚಿಸಿರಲಿಲ್ಲ.

ಅದೇ 2016ರ ಸೆಪ್ಟೆಂಬರ್‌ನಲ್ಲಿ ಆಪಲ್ ಕಂಪನಿ ತನ್ನ ಐಫೋನ್ 7ರಿಂದ ಈ ತೂತನ್ನೇ ತೆಗೆದುಹಾಕಿತು. ಬೇರೆ ಫೋನುಗಳೂ ಹಿಂಬಾಲಿಸಿದವು. ಲ್ಯಾಪ್‌ಟಾಪುಗಳು ಬಹುಮಟ್ಟಿಗೆ ಇನ್ನೂ ಉಳಿಸಿಕೊಂಡಿವೆ. ಹೀಗಾಗಿ ಮೊಮ್ಮಗನಿಗೆ ಮತ್ತೊಂದು ಅವಕಾಶವುಂಟು. ಕವಲು ತಂತಿ ತಂದು, ಮೈಕನ್ನು ಅದರ ಸರಿಯಾದ ತೂತಿಗೆ ಹಾಕಿ, ಧ್ವನಿ ಆಯ್ಕೆಯ ಪಟ್ಟಿಯಲ್ಲಿ ಹೊರಮೈಕಿನ ಹೆಸರು ಬಂದಿದೆಯೇ ನೋಡಬೇಕು. ಆಮೇಲೆ ಸೆರಗಿನ ಮೈಕಿನ ಮೇಲೆ ಉಗುರಿನಿಂದ ಮೆಲ್ಲಗೆ ಕೆರೆಯಬೇಕು. ಪರದೆಯ ಗೆರೆ ಹಾರಿದರೆ ಸರಿ. ಪರದೆಯ ಅಂಚನ್ನು ಕೆರೆದಾಗ ಹಾರಿದರೆ ಕೇಳುತ್ತಿರುವುದು ಇನ್ನೂ ಒಳಮೈಕೇ. ಹತ್ತು ಸೆಕೆಂಡು ಮುದ್ರಿಸಿ, ಹೆಡ್‌ಫೋನಿನಲ್ಲಿ ಕೇಳಿ, ಆಮೇಲೆ ಅಜ್ಜಿಯನ್ನು ಜಗಲಿಗೆ ಕರೆಯಬಹುದು.